ಕಿರಣಣ್ಣನ ವಿಮಾನದ ಕೊಳೆ

ಬಣಕಲ್ಲಿನಲ್ಲಿ ಬಸ್ಸಿಳಿದರೆ ಮುಂದಕ್ಕೆ ಜೀಪೇ ಗತಿಯಾಗಿದ್ದ ಕಾಲ. ಆಯುಧಪೂಜೆಗೆ ಮುಂಚಿನ ವಾರ ನಮ್ಮ ಎಸ್ಟೇಟಿನಲ್ಲಿ ಕೊಳೆಯಾದ ಯಾವ ವಸ್ತುವೂ ಉಳಿಯುವಂತಿರಲಿಲ್ಲ. ಪಲ್ಪರ್ ಯಂತ್ರದ ಸಂದಿಗಳಲ್ಲಿ ಹೋದ ವರ್ಷದ ಕಾಫಿಹಣ್ಣಿನ ಸಿಪ್ಪೆ ಒಣಗಿ ಕೂತಿರುತ್ತಿತ್ತು. ಅದನ್ನು ತೆಂಗಿನಗರಿಯ ಕಡ್ಡಿಯಿಂದ ಕೆದಕಿ ತೆಗೆಯುವುದು ಮಕ್ಕಳ ಕೆಲಸ. ಸ್ಪ್ರೇ ಪಂಪು, ಕತ್ತಿ, ಗುದ್ದಲಿಗಳೆಲ್ಲ ಸೀಮೆಎಣ್ಣೆಯಲ್ಲಿ ಮಿಂದು ಕಣದ ಅಂಚಿನಲ್ಲಿ ಸಾಲಾಗಿ ಬಿಸಿಲು ಕಾಯುತ್ತಿದ್ದವು. ಜೀಪಿಗೆ ಪ್ರತಿವರ್ಷ ಹೊಸ ಬಣ್ಣ. ಅದಕ್ಕೆ ಮೂಡಿಗೆರೆಯಿಂದ ಬಾಬು ಎಂಬ ಪೇಂಟರ್ ಬರುತ್ತಿದ್ದ. ಅವನ ಥಿನ್ನರ್ ವಾಸನೆ ಇಡೀ ಮನೆಗೆ ಹರಡಿ, ಅಕ್ಕಿರೊಟ್ಟಿ ಮುರಿದು ಬಾಯಿಗಿಟ್ಟರೂ ಅದೇ ವಾಸನೆ ಬರುತ್ತಿತ್ತು. ಹಬ್ಬ ಬಂತು ಎಂದು ನಮಗೆ ಖುಷಿ. ಈಗ ಯಾವುದಾದರೂ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಆ ವಾಸನೆ ಬಂದರೆ ನಾನು ಸೆರಗನ್ನು ಮೂಗಿಗೆ ಹಿಡಿದು ದಾಟುತ್ತೇನೆ.

ಈ ಶುಚಿಯ ಕಟ್ಟುನಿಟ್ಟೆಲ್ಲ ನಮ್ಮಪ್ಪನದು. ತೊಳೆದ ವಸ್ತುವಿನ ಮೇಲೆ ಅವರು ತಮ್ಮ ಬಿಳಿ ಕರ್ಚೀಫು ಆಡಿಸುತ್ತಿದ್ದರು. ಕರ್ಚೀಫಿಗೆ ಏನಾದರೂ ಹತ್ತಿದರೆ ಬೈಯುತ್ತಿರಲಿಲ್ಲ. ಅದನ್ನು ಬಿಡಿಸಿ ಎಲ್ಲರಿಗೂ ತೋರಿಸುತ್ತಿದ್ದರು. "ನೋಡ್ರಪ್ಪ, ನಮ್ಮ ಮೇಸ್ತ್ರಿ ಕರ್ಚೀಫಿಗೆ ಡಿಸೈನ್ ಹಾಕಿಕೊಟ್ಟಿದ್ದಾನೆ" ಅನ್ನುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು. ನಗದೇ ಇರುವ ಧೈರ್ಯ ಯಾರಿಗೂ ಇರಲಿಲ್ಲ. ಯಾರಿಗೆ ನೋಯಬೇಕೋ ಅವರೂ ನಗಬೇಕಿತ್ತು. ಅದು ಅಪ್ಪನ ರೀತಿ.

ಕಿರಣಣ್ಣ ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಚಿಕ್ಕಪ್ಪ ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದರು. ಉತ್ತರದ ಯಾವುದೋ ಮರಳುಗಾಡಿನ ಮೇಲೆ ಅಭ್ಯಾಸಕ್ಕೆ ಹೋಗಿದ್ದಾಗ ವಿಮಾನ ಬಿದ್ದು ತೀರಿಕೊಂಡರು. ಆಗ ಕಿರಣಣ್ಣ ಒಂದನೇ ಕ್ಲಾಸಿಗೂ ಸೇರಿರಲಿಲ್ಲ. ಚಿಕ್ಕಮ್ಮ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಚಿಕ್ಕಮ್ಮನಿಗೆ ಮೈಸೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮಗನನ್ನು ಜೊತೆಗೆ ಕರೆದೊಯ್ಯುತ್ತೇನೆಂದು ಹೊರಟಾಗ ಅಪ್ಪ ಒಪ್ಪಲಿಲ್ಲ. "ನಮ್ಮನೆ ಮಗ ಬಾಡಿಗೆ ಮನೇಲಿ ಬೆಳೆಯೋದು ಬೇಡ. ನೀನು ರಜಕ್ಕೆ ಬಾ, ಹೋಗು" ಅಂದರು. ಚಿಕ್ಕಮ್ಮ ರಜಕ್ಕೆ ಬಂದು ಹೋಗುತ್ತಿದ್ದರು.

ಕಿರಣಣ್ಣನಿಗೆ ಒಂದು ಅಭ್ಯಾಸವಿತ್ತು. ಊಟಕ್ಕೆ ಕೂತಾಗ, ಕಣದಲ್ಲಿ ಲಗೋರಿ ಆಡುವಾಗ, ಇದ್ದಕ್ಕಿದ್ದಂತೆ "ನಮ್ಮಪ್ಪ ಮೊಸರಿಗೆ ಸಕ್ಕರೆ ಹಾಕ್ಕೊತಿದ್ರು" ಎಂದೋ, "ನಮ್ಮಪ್ಪ ಶೂ ಲೇಸು ಕಟ್ತಾ ಸಿಳ್ಳೆ ಹಾಕ್ತಿದ್ರು" ಎಂದೋ ಹೇಳುತ್ತಿದ್ದ. ಅಪ್ಪ ಕೇಳಿಸಿಕೊಂಡರೆ ಬಿಡುತ್ತಿರಲಿಲ್ಲ.

"ನಿನಗೆಲ್ಲಿ ನೆನಪೋ ಮಾರಾಯ? ಆಗಿನ್ನೂ ಹಾಲುಹಲ್ಲೇ ಬಿದ್ದಿರಲಿಲ್ಲ ನಿನಗೆ. ಯಾರೋ ಹೇಳಿದ್ದನ್ನ ನಿಂದೇ ಅಂದ್ಕೊಂಡಿದೀಯ."

ಬರಬರುತ್ತಾ ಅದೊಂದು ಆಟವಾಯಿತು. ಒಂದು ಭಾನುವಾರ ಪಕ್ಕದ ತೋಟದವರೆಲ್ಲ ನಮ್ಮ ಜಗಲಿಯಲ್ಲಿ ಕೂತು ಕೋಡುಬಳೆ ತಿನ್ನುತ್ತಿದ್ದರು. ಅಪ್ಪ ಕಿರಣಣ್ಣನನ್ನು ಕರೆದು ತೋಳಿಗೆ ಒರಗಿಸಿಕೊಂಡರು.

"ಇವನಿಗೆ ಇವನಪ್ಪನ ನೆನಪು ಭಾಳ ಚೆನ್ನಾಗಿದೆ, ಗೊತ್ತಾ? ಹೇಳೋ, ನಿಮ್ಮಪ್ಪನಿಗೆ ಯಾವ ಕಿವೀಲಿ ಮಚ್ಚೆ ಇತ್ತು?"

ಕಿರಣಣ್ಣ ಕಣ್ಣು ಮುಚ್ಚಿಕೊಂಡು ಯೋಚಿಸಿದ. ಎಷ್ಟು ಹೊತ್ತು ಯೋಚಿಸಿದನೆಂದರೆ ಬಂದವರೊಬ್ಬರು "ಪಾಪ, ಬಿಡಿ" ಅಂದರು.

"ಬಲಗಿವೀಲಿ" ಅಂದ.

"ಮಚ್ಚೆನೇ ಇರಲಿಲ್ಲವಲ್ಲೋ!" ಎಂದು ಅಪ್ಪ ತೊಡೆ ತಟ್ಟಿದರು. ಜಗಲಿಯೆಲ್ಲ ನಗು. ಕಿರಣಣ್ಣನೂ ನಕ್ಕ. ನಗುತ್ತಾ ತನ್ನ ಬಲಗಿವಿಯನ್ನೇ ಹಿಡಿದುಕೊಂಡಿದ್ದ.

ಆದರೆ ಒಂದು ನೆನಪನ್ನು ಅವನು ಯಾರ ಮುಂದೆಯೂ ಇಟ್ಟಿರಲಿಲ್ಲ. ನನಗೆ ಮಾತ್ರ ಹೇಳಿದ್ದ. ಮನೆಯವರಿಗೆಂದು ವಾಯುಪಡೆಯವರು ಒಂದು ದಿನ ವಿಮಾನಗಳನ್ನು ನೋಡಲು ಬಿಟ್ಟಿದ್ದರಂತೆ. ಚಿಕ್ಕಪ್ಪ ಇವನನ್ನು ತಮ್ಮ ವಿಮಾನದ ಹತ್ತಿರ ಕರೆದೊಯ್ದು ಏಣಿ ಹತ್ತಿಸಿದರಂತೆ. ಎಡಗಡೆ, ಪೈಲಟ್ ಕೂರುವ ಜಾಗದ ಕೆಳಗೆ, ಬೂಟು ತಾಗಿ ತಾಗಿ ಹೊಳಪು ಹೋದ ಒಂದು ಗುರುತು. ಹಲಸಿನ ಎಲೆಯಂತೆ ಒಂದು ಕಡೆ ಅಗಲ, ಒಂದು ಕಡೆ ಚೂಪು. "ಇಲ್ಲಿ ಕಾಲಿಡು. ನಾನೂ ದಿನಾ ಇಲ್ಲೇ ಇಡೋದು" ಅಂದರಂತೆ ಚಿಕ್ಕಪ್ಪ. ವಿಮಾನದ ಹೊಟ್ಟೆಯ ಮೇಲೆ ಎಣ್ಣೆ ಇಳಿದ ಗೆರೆಗಳು, ಹಿಂದೆ ಹೊಗೆಯ ಕಪ್ಪು. ಇವನ ಕೈಗೆ ಹತ್ತಿದ ಮಸಿಯನ್ನು ಚಿಕ್ಕಪ್ಪನೇ ಒರೆಸಿದ್ದರು. ಚಿಕ್ಕಮ್ಮ ಕೆಳಗೆ ನಿಂತು "ಹುಷಾರು, ಹುಷಾರು" ಅನ್ನುತ್ತಿದ್ದರಂತೆ.

"ಅಮ್ಮನೂ ನೋಡಿದಾರೆ. ಇದು ಯಾರೋ ಹೇಳಿದ್ದಲ್ಲ ಶಾರಿ. ಇದು ನಂದೇ" ಅಂದಿದ್ದ.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕಮ್ಮ ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟಿದ್ದರು. ಮಗ ದೊಡ್ಡವನಾದ ಮೇಲೆ ಜೊತೆಗೆ ಕೂತು ಜೋಡಿಸಬೇಕೆಂದು ಚಿಕ್ಕಪ್ಪ ಎಂದೋ ತಂದಿಟ್ಟಿದ್ದ ಪ್ಲಾಸ್ಟಿಕ್ ಮಾದರಿ. ಅವರು ಹಾರಿಸುತ್ತಿದ್ದಂಥದೇ ವಿಮಾನ. ಬಿಡಿಭಾಗಗಳೆಲ್ಲ ಒಣಗಿದ ಸಂಡಿಗೆಯಂತೆ ಒಂದಕ್ಕೊಂದು ಅಂಟಿಕೊಂಡು ಚೌಕಟ್ಟಿನಲ್ಲಿದ್ದವು. ಜೊತೆಗೆ ಎರಡು ಸಣ್ಣ ಕುಂಚ, ಒಂದು ಟ್ಯೂಬು ಅಂಟು, ನೀರಿನಲ್ಲಿ ನೆನೆಸಿ ಅಂಟಿಸುವ, ವಾಯುಪಡೆಯ ಗುರುತಿನ ಮೂರು ಬಣ್ಣದ ವೃತ್ತಗಳು. ಕಿರಣಣ್ಣ ಮಳೆಗಾಲ ಮುಗಿಯುವವರೆಗೂ ಅದನ್ನು ಬಿಚ್ಚಲಿಲ್ಲ. ತೇವಕ್ಕೆ ಬಣ್ಣ ಹಿಡಿಯುವುದಿಲ್ಲ ಎಂದು ಕಾದ. ಮಳೆ ಹಿಂದೆ ಸರಿದು, ಆಳುಗಳು ತೋಟಕ್ಕೆ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆಯಲು ಶುರುಮಾಡಿ, ಕಾಫಿ ಎಲೆಗಳೆಲ್ಲ ನೀಲಿ ಮೆತ್ತಿದಂತೆ ಕಾಣುವ ಹೊತ್ತಿಗೆ ಸಾಮಾನಿಡುವ ಸ್ಟೋರಿನ ಕಿಟಕಿಯ ಕೆಳಗೆ, ಗೋಣಿಚೀಲಗಳ ಹಿಂದೆ, ಕೆಲಸಕ್ಕೆ ಕೂತ. ಆಯುಧಪೂಜೆಯ ದಿನ ಚಿಕ್ಕಮ್ಮ ಬರುವವರಿದ್ದರು. ಅಷ್ಟರೊಳಗೆ ಮುಗಿಸಬೇಕು. ಅಮ್ಮ ಅದನ್ನು ಕೈಗೆತ್ತಿಕೊಂಡು ಎಡಗಡೆ ನೋಡಬೇಕು, ನೋಡಿ ಎಲ್ಲರ ಮುಂದೆ "ಹೌದು, ಇಲ್ಲಿ ಗುರುತಿತ್ತು" ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಜೋಡಿಸಿದ ಮೇಲೆ ಅದು ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದವಾಯಿತು. ಗೇಟಿಗೆ ಹೊಡೆದು ಉಳಿದಿದ್ದ ಬೆಳ್ಳಿಬಣ್ಣವನ್ನು ತೆಳುವಾಗಿ ಹಚ್ಚಿದ. ಒಣಗಿದಾಗ ನಾನು "ಎಷ್ಟು ಚೆಂದ ಹೊಳೀತದೆ!" ಅಂದೆ.

"ಇದಿನ್ನೂ ಹಾರೇ ಇಲ್ಲ. ಈಗ ಹಾರಿಸ್ಬೇಕು" ಅಂದ ಕಿರಣಣ್ಣ.

ಹಾರಿಸುವುದೆಂದರೆ ಕೊಳೆ ಮಾಡುವುದು ಎಂದು ನನಗೆ ಆಮೇಲೆ ಗೊತ್ತಾಯಿತು. ಎಣ್ಣೆಯ ಗೆರೆಗಳಿಗೆ ಕಾಫಿ ಡಿಕಾಕ್ಷನ್. ನಾನು ಅಡುಗೆಮನೆಯಿಂದ ಲೋಟದಲ್ಲಿ ತಂದುಕೊಟ್ಟೆ. ಮೊದಲು ಅದು ಬೆಳ್ಳಿಬಣ್ಣದ ಮೇಲೆ ನಿಲ್ಲಲೇ ಇಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಯಾಗಿ ಜಾರಿಹೋಯಿತು. ಚೂರು ಬಟ್ಟೆಸೋಪು ಕದಡಿದ ಮೇಲೆ ಹಿಡಿಯಿತು. ಒಡೆದ ಪ್ಲಾಸ್ಟಿಕ್ ತಟ್ಟೆಯ ಬೆನ್ನಿನ ಮೇಲೆ ಮೊದಲು ಹಚ್ಚಿ ನೋಡುತ್ತಿದ್ದ. ಸರಿಯೆನಿಸಿದರೆ ಮಾತ್ರ ವಿಮಾನಕ್ಕೆ. ರೆಕ್ಕೆಯ ಸಂದುಗೆರೆಗಳಲ್ಲಿ ಡಿಕಾಕ್ಷನ್ ತಾನಾಗಿ ಹರಿದು ನಿಲ್ಲುವುದನ್ನು ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹೊಗೆಯ ಕಪ್ಪಿಗೆ ಒಲೆಯ ಮೇಲೆ ನೇತಾಡುತ್ತಿದ್ದ ಇಲ್ಲಣ. ಆ ಮಸಿಯನ್ನು ಪುಡಿಮಾಡಿ, ಒಣಗಿದ ಕುಂಚದಲ್ಲಿ ಹಿಂದಿನಿಂದ ಮುಂದಕ್ಕೆ ತೆಳುವಾಗುತ್ತಾ ಬರುವಂತೆ ಉಜ್ಜಿದ. ಬಿಸಿಗೆ ಲೋಹ ನೀಲಿಗಟ್ಟಿದಂತೆ ಕಾಣಲು, ಪಂಪಿನ ಬಾಯಲ್ಲಿ ಒಣಗಿದ್ದ ಔಷಧಿಯ ಪುಡಿ ಒಂದು ಚಿಟಿಕೆ.

ಬೂಟಿನ ಗುರುತನ್ನು ಕೊನೆಗೆ ಉಳಿಸಿಕೊಂಡ. ಅದಕ್ಕೆ ಬಣ್ಣ ಹಚ್ಚಲಿಲ್ಲ, ತೆಗೆದ. ಮರ ನುಣುಪು ಮಾಡಲು ಬಳಸುವ ಗರಗತ್ತಿ ಎಲೆಯನ್ನು ಉಗುರಿನಷ್ಟು ಹರಿದು, ಏಣಿ ಒರಗುವ ಜಾಗದಲ್ಲಿ ಉಜ್ಜಿದ. ಉಜ್ಜಿ ನಿಲ್ಲಿಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಮತ್ತೆ ಉಜ್ಜುತ್ತಿದ್ದ. ಜಗಲಿಯಲ್ಲಿ ಮಚ್ಚೆ ಹುಡುಕುವಾಗ ಕಣ್ಣು ಮುಚ್ಚಿದ್ದು ಬೇರೆ ರೀತಿ. ಈಗ ಅವನು ಹುಡುಕುತ್ತಿರಲಿಲ್ಲ, ನೋಡುತ್ತಿದ್ದ. ಒಂದು ಕಡೆ ಅಗಲ, ಒಂದು ಕಡೆ ಚೂಪು. ಮುಗಿದಾಗ ನನ್ನ ಕಿರುಬೆರಳನ್ನು ಹಿಡಿದು ಅಲ್ಲಿ ಇಟ್ಟ.

"ಇಲ್ಲಿ ಕಾಲಿಡು" ಅಂದ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಮೇಸ್ತ್ರಿ ನಿಂಗಪ್ಪ ಸ್ಟೋರಿನಲ್ಲಿದ್ದ ಸಾಮಾನನ್ನೆಲ್ಲ ಹೊರಗೆ ಸಾಗಿಸಿದ. ಅದು ಪದ್ಧತಿ, ಒಳಗೆ ಯಾವ ಯಂತ್ರವೂ ಉಳಿಯಬಾರದು. ಗೋಣಿಯ ಹಿಂದೆ ಸಿಕ್ಕಿದ್ದನ್ನೂ ಅವನು ಯಂತ್ರವೆಂದೇ ಎರಡು ಕೈಯಲ್ಲಿ ಹಿಡಿದು ತಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. "ಗೌಡ್ರೇ, ನಮ್ಮ ಎಸ್ಟೇಟಲ್ಲಿ ಏರೋಪ್ಲೇನೂ ಉಂಟು!" ಎಂದು ಕೂಗಿ, ಸ್ಪ್ರೇ ಪಂಪುಗಳ ಪಕ್ಕದಲ್ಲಿ ಇಟ್ಟ.

ಕಣದಲ್ಲಿ ಆಳುಗಳಿದ್ದರು, ಲೆಕ್ಕ ಬರೆಯುವ ರೈಟರ್ ಇದ್ದರು, ಜೀಪಿನ ಬಾನೆಟ್ಟು ಉಜ್ಜುತ್ತಿದ್ದ ಬಾಬು ಇದ್ದ. ನಾನು ಪಲ್ಪರ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ಅಪ್ಪ ಬಗ್ಗಿ ವಿಮಾನವನ್ನು ಎತ್ತಿಕೊಂಡರು.

"ಯಾರು ಮಾಡಿದ್ದು?"

"ನಾನು ದೊಡ್ಡಪ್ಪ" ಎಂದು ಕಿರಣಣ್ಣ ಓಡಿಬಂದ.

"ಚೆನ್ನಾಗಿದೆ. ಕೈಯಲ್ಲಿ ಕಲೆ ಇದೆ ಕಣೋ ನಿನಗೆ."

ಆಗ ಕಿರಣಣ್ಣನ ಮುಖ ಹೇಗಾಯಿತೆಂಬುದು ನನಗೆ ನೆನಪಿದೆ. ಅದನ್ನು ಬರೆಯಲಾರೆ. ಅಪ್ಪ ಜೇಬಿನಿಂದ ಕರ್ಚೀಫು ತೆಗೆದರು. ವಿಮಾನದ ಬಾಲದ ಮೇಲೆ ಆಡಿಸಿದರು. ಕರ್ಚೀಫಿನ ಮೇಲೆ ಇಲ್ಲಣದ ಕಪ್ಪು ಬಂತು. ಅದನ್ನು ಬಿಡಿಸಿ ಹಿಡಿದರು.

"ಆದ್ರೆ ಇಷ್ಟು ಕೊಳೆ ಯಾಕಪ್ಪ?"

"ಅದು ಕೊಳೆ ಅಲ್ಲ ದೊಡ್ಡಪ್ಪ. ಬಣ್ಣ. ನಾನೇ ಹಚ್ಚಿದ್ದು."

ಬಾಬು ಕೈಲಿದ್ದ ಬಟ್ಟೆ ಕೆಳಗಿಟ್ಟು ನಕ್ಕ. "ನಾನು ಕೊಳೆ ತೆಗೆದು ಬದುಕ್ತೀನಿ ಗೌಡ್ರೆ, ಈ ಹುಡುಗ ಕೊಳೆ ಹಚ್ಚಿ ಬದುಕೋ ಹಂಗೆ ಕಾಣ್ತಾನೆ!"

ಎಲ್ಲರೂ ನಕ್ಕರು. ಕಿರಣಣ್ಣ ನಗಲಿಲ್ಲ. ಆ ಮನೆಗೆ ಬಂದ ಮೇಲೆ ಅವನು ನಗದೇ ನಿಂತದ್ದು ಅದೇ ಮೊದಲು.

"ಹಾರಿದ ವಿಮಾನ ಹಿಂಗೇ ಇರುತ್ತೆ. ನಾನು ನೋಡಿದೀನಿ. ಅಪ್ಪ ಹತ್ತಿಸಿದ್ರು. ಇಲ್ಲಿ, ಇಲ್ಲಿ ಕಾಲಿಟ್ಟಿದ್ದೆ."

ಅಪ್ಪ ಅವನು ತೋರಿಸಿದ ಜಾಗವನ್ನು ಹತ್ತಿರ ಹಿಡಿದು ನೋಡಿದರು.

"ಓಹೋ. ಇದು ಕಿವಿ ಮಚ್ಚೆ ಥರದ್ದಾ?"

ಮತ್ತೆ ನಗು. ಆ ಭಾನುವಾರ ಜಗಲಿಯಲ್ಲಿ ಇಲ್ಲದಿದ್ದವರೂ ನಕ್ಕರು. ಆ ಕತೆ ಆಳುಗಳ ಲೈನುಮನೆಗಳವರೆಗೂ ಹೋಗಿತ್ತು.

"ಅಲ್ಲ" ಅಂದ ಕಿರಣಣ್ಣ. "ಇದು ಇತ್ತು. ನಿಮಗೆ ಗೊತ್ತಿಲ್ಲ. ನೀವು ನೋಡಿಲ್ಲ."

ಅಪ್ಪನ ಮುಖದಿಂದ ನಗು ಹೋಯಿತು. ಚಿಕ್ಕಪ್ಪನನ್ನು ಊರಿಗೆ ತರಲು ಹೋದವರು ಅಪ್ಪನೇ. ಅಲ್ಲಿ ಏನು ನೋಡಿದರೋ ಯಾರಿಗೂ ಹೇಳಲಿಲ್ಲ. ತಂದ ಶವಪೆಟ್ಟಿಗೆಯನ್ನು ತೆರೆಯಲೂ ಬಿಡಲಿಲ್ಲ. ಆ ನೋವೇ ಆ ದಿನ ಹಾಗೆ ಮಾತಾಡಿಸಿತು ಎಂದು ನನ್ನ ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಇರಬಹುದು. ಆದರೆ ನಾನು ಹತ್ತಿರದಲ್ಲೇ ಇದ್ದೆ. ಮಾತಾಡುವ ಮುಂಚೆ ಅವರು ಒಮ್ಮೆ ಸುತ್ತ ನೋಡಿದರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು.

"ಇಷ್ಟು ಕೊಳೆ ವಿಮಾನ ಹತ್ತಿದ್ರೆ ಬೀಳದೆ ಇನ್ನೇನು ಆಗುತ್ತೆ?" ಅಂದರು.

ಈ ಸಲ ಯಾರೂ ನಗಲಿಲ್ಲ. ಬಾಬು ಕೂಡ ತಲೆ ತಗ್ಗಿಸಿದ. ಆ ಮೌನ ಅಪ್ಪನಿಗೆ ಹಿಡಿಸಲಿಲ್ಲ. ಜೀಪಿನ ಪಕ್ಕದ ಡಬ್ಬಿಯಲ್ಲಿ ಥಿನ್ನರಿನಲ್ಲಿ ನೆನೆಯುತ್ತಿದ್ದ ಬಟ್ಟೆಯನ್ನು ಕಾಲಿನಿಂದ ತೋರಿಸಿದರು.

"ಒರೆಸು."

"ನಾಳೆ ಅಮ್ಮ ಬರ್ತಾರೆ ದೊಡ್ಡಪ್ಪ. ಅಮ್ಮ ಒಂದ್ಸಲ ನೋಡ್ಲಿ. ಆಮೇಲೆ ನಾನೇ ಒರೆಸ್ತೀನಿ. ಆಣೆ."

"ನಿಮ್ಮಮ್ಮ ಅಷ್ಟು ದೂರದಿಂದ ಬಂದು ನೋಡ್ಬೇಕಾದ್ದು ಮಸಿನಾ? ಒರೆಸು. ಬೇರೆಯವರ ಕೈಲಿ ಒರೆಸಿಸಿದ್ರೆ ಮುರಿದ್ರು ಅಂತೀಯ. ನೀನೇ ಒರೆಸು."

ಅಡುಗೆಮನೆ ಬಾಗಿಲಿಗೆ ಅವ್ವ ಬಂದು "ಹೋಗ್ಲಿ ಬಿಡೀಂದ್ರೆ" ಅಂದರು. ಅಪ್ಪ ಅತ್ತ ತಿರುಗಿದರು. ರೊಟ್ಟಿ ಸೀಯುತ್ತದೆಂದು ಅವ್ವ ಒಳಗೆ ಹೋದರು.

ಕಿರಣಣ್ಣ ಒರೆಸಿದ. ಇಲ್ಲಣ ಹೋಯಿತು, ಕಾಫಿಯ ಗೆರೆಗಳು ಹೋದವು. ಆಮೇಲೆ ಬೆಳ್ಳಿಬಣ್ಣವೇ ಸುಲಿದು ಬರತೊಡಗಿತು. ಮೂರು ಬಣ್ಣದ ವೃತ್ತಗಳು ಮುದ್ದೆಯಾಗಿ ಬಟ್ಟೆಗೆ ಅಂಟಿದವು. "ನಿಲ್ಲಿಸು" ಎಂದು ಅಪ್ಪ ಹೇಳಲಿಲ್ಲ. ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಬಾಬುವಿಗೆ ತಗಡಷ್ಟೇ ಗೊತ್ತು. ವಿಮಾನದ ಮೈ ಬೆಲ್ಲದ ಪಾಕದಂತೆ ಅಂಟಂಟಾಯಿತು. ಜಾರದಂತೆ ಕಿರಣಣ್ಣ ಅದನ್ನು ಎಡಗಡೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಕೈ ತೆಗೆದಾಗ, ಬೂಟಿನ ಗುರುತಿದ್ದ ಜಾಗದಲ್ಲಿ ಅವನ ಹೆಬ್ಬೆರಳಿನ ಹಳ್ಳ ಉಳಿದಿತ್ತು, ಗೆರೆಗಳ ಸಮೇತ.

"ಒಂದು ಕೋಟ್ ಹೊಡೆದ್ರೆ ಏನೂ ಕಾಣಲ್ಲ ಬಿಡಿ" ಎಂದು ಬಾಬು ಜೀಪಿನ ಬಂಪರಿಗೆ ಕಲಸಿದ್ದ ಬೆಳ್ಳಿಬಣ್ಣವನ್ನು ಅದಕ್ಕೂ ಹೊಡೆದ. ಬಿಸಿಲಿಗೆ ವಿಮಾನ ಕಣ್ಣು ಕುಕ್ಕುವಂತೆ ಹೊಳೆಯಿತು.

"ಈಗ ನೋಡು, ಲಕ್ಷಣವಾಗಿದೆ" ಅಂದರು ಅಪ್ಪ.

ಮರುದಿನ ಚಿಕ್ಕಮ್ಮ ಬಂದಾಗ ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಜೀಪಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಬಾನೆಟ್ಟಿನ ನಟ್ಟನಡುವೆ ಅಪ್ಪ ವಿಮಾನವನ್ನು ಇಟ್ಟಿದ್ದರು, ಮೂತಿಗೆ ಕುಂಕುಮ ಹಚ್ಚಿ. ಚಿಕ್ಕಮ್ಮ ಬ್ಯಾಗು ಕೆಳಗಿಟ್ಟು ಸೀದಾ ಅದರ ಹತ್ತಿರ ಹೋದರು.

"ಇದನ್ನ ನೀನು ಮಾಡಿದ್ಯಾ ಕಿರಣ?"

ಕಿರಣಣ್ಣ ಒಂದೇ ಮಾತು ಕೇಳಿದ. "ಅಮ್ಮ, ಅಪ್ಪನ ವಿಮಾನ ಹಿಂಗೇ ಇತ್ತಾ?"

ಚಿಕ್ಕಮ್ಮ ವಿಮಾನವನ್ನು ಕೈಗೆತ್ತಿಕೊಂಡರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳು ತಾನಾಗಿ ಎಡಗಡೆಗೆ ಹೋಯಿತು, ಪೈಲಟ್ ಕೂರುವ ಜಾಗದ ಕೆಳಕ್ಕೆ. ಅಲ್ಲಿನ ಹಳ್ಳದಲ್ಲಿ ಒಂದು ಕ್ಷಣ ನಿಂತಿತು. ಅವರು ತಲೆಯೆತ್ತಿದರು. ಎದುರಿಗೆ ಅಪ್ಪ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದರು. ಅಪ್ಪನ ಮುಖದಲ್ಲಿ ಮುಗುಳ್ನಗೆ ಇತ್ತು.

"ಹಿಂಗೇ ಇತ್ತು ಕಣೋ. ಥಳಥಳ ಅಂತಿತ್ತು" ಅಂದರು ಚಿಕ್ಕಮ್ಮ.

"ನೋಡಿದ್ಯಾ?" ಎಂದು ಅಪ್ಪ ಕಿರಣಣ್ಣನ ತಲೆ ಸವರಿದರು, ಬಹಳ ಮೆಲ್ಲಗೆ. ಆಮೇಲೆ ಬೂದುಗುಂಬಳ ಒಡೆದರು.

ಕಿರಣಣ್ಣ ಅಳಲಿಲ್ಲ. ಮಧ್ಯಾಹ್ನ ಕಡುಬು, ಕೋಳಿಸಾರು ಎಲ್ಲರಂತೆ ಉಂಡ. ಸಂಜೆ ನಾನು ಕಣದಲ್ಲಿ ಅವನ ಪಕ್ಕ ಕೂತು ಬೂಟಿನ ಗುರುತಿನ ಮಾತೆತ್ತಿದೆ. "ಕನಸಲ್ಲಿ ನೋಡಿದ್ದಿರಬೇಕು" ಅಂದ. "ದೊಡ್ಡಪ್ಪ ಹೇಳಿದ್ದೇ ಸರಿ. ನಾನು ಆಗ ಚಿಕ್ಕವನು." ಅಂದಿನಿಂದ ಅವನ ಬಾಯಲ್ಲಿ "ನಮ್ಮಪ್ಪ ಹೀಗೆ ಮಾಡ್ತಿದ್ರು" ಎಂಬ ಮಾತನ್ನು ನಾನು ಕೇಳಲಿಲ್ಲ. ಕುಂಚಗಳು ಸ್ಟೋರಿನ ಕಿಟಕಿಯಲ್ಲೇ ಗಟ್ಟಿಯಾದವು.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಒಂದು ದಿನ ನನ್ನ ಗಂಡನ ಮನೆಯ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಚಿಕ್ಕಮ್ಮ ತಾವಾಗಿಯೇ ಹೇಳಿದರು.

"ಆ ಗುರುತು ಇತ್ತು ಶಾರಿ. ಕಿರಣ ಅಲ್ಲಿ ಕಾಲಿಟ್ಟಾಗ ಕೆಳಗಿಂದ ನಾನೇ ಅವನ ಕಾಲು ಹಿಡಿದಿದ್ದೆ."

"ಮತ್ತೆ ಆ ದಿನ ಯಾಕೆ ಹಂಗಂದ್ರಿ ಚಿಕ್ಕಮ್ಮ?"

"ಭಾವನವರು ಎದುರಿಗೇ ನಿಂತಿದ್ರಲ್ಲೇ. ಹಿಂಗಿರಲಿಲ್ಲ ಅಂತ ನಾನಂದು, ಅವರು ಮುಂದಿನ ರಜಕ್ಕೆ ಬರಬೇಡ ಅಂದ್ರೆ?" ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿದರು. "ಮಗನ್ನ ನೋಡೋ ಆಸೆಗೆ ಅಂದೆ."

ಮಗನಿಗೆ ಇದನ್ನು ಹೇಳಲು ಅವರಿಂದಾಗಲಿಲ್ಲ. ನೀನೇ ಹೇಳು ಅಂದರು. ಅವರು ತೀರಿಕೊಂಡ ಮೇಲೆ, ಒಂದು ದಸರಾಕ್ಕೆ ತವರಿಗೆ ಹೋದಾಗ ಹೇಳಿದೆ. ಈಗ ತೋಟ ನೋಡಿಕೊಳ್ಳುವವನು ಕಿರಣಣ್ಣನೇ. ಪದ್ಧತಿಯೇನೂ ಬದಲಾಗಿಲ್ಲ. ಕಣದಲ್ಲಿ ಪಂಪುಗಳು ಬಿಸಿಲು ಕಾಯುತ್ತಿದ್ದವು, ಬೇರೆ ಯಾರೋ ಪೇಂಟರ್ ಬಂದಿದ್ದ. ವಿಮಾನ ನಡುಮನೆಯ ಗಾಜಿನ ಬೀರುವಿನಲ್ಲಿದೆ, ಬೆಳ್ಳಿಬಣ್ಣ ಅಲ್ಲಲ್ಲಿ ಎದ್ದಿದೆ. ಒಬ್ಬ ಹುಡುಗನ ಹೆಬ್ಬೆರಳು ಈಗಲೂ ಅದರಲ್ಲಿದೆ. ಆ ಬೆರಳಿನವನು ಬಹಳ ದೊಡ್ಡವನಾಗಿದ್ದಾನೆ. ಚಿಕ್ಕಪ್ಪ ಕಾಲಿಟ್ಟ ಜಾಗವನ್ನು ನೋಡಿದ್ದವರು ಮೂವರು. ಇಬ್ಬರು ಇಲ್ಲ. ನಾನು ಆ ನಿಜವಾದ ವಿಮಾನವನ್ನೇ ನೋಡಿದವಳಲ್ಲ; ಗರಗತ್ತಿ ಎಲೆಯಲ್ಲಿ ಉಜ್ಜಿದ ಗುರುತಿನ ಮೇಲೆ ಕಿರುಬೆರಳಿಟ್ಟವಳು ಮಾತ್ರ. ಅದು ಹೇಗಿತ್ತೆಂದು ಹೇಳುವವಳು ಕೊನೆಗೆ ನಾನೊಬ್ಬಳೇ ಆಗಿದ್ದೇನೆ.

ಚಿಕ್ಕಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕಿರಣಣ್ಣ ಪಿಕಪ್ ಗಾಡಿಯ ಬಾನೆಟ್ಟಿನ ಮೇಲೆ ಕರ್ಚೀಫು ಆಡಿಸುತ್ತಾ ಪೂರ್ತಿ ಕೇಳಿಸಿಕೊಂಡ. ಕರ್ಚೀಫನ್ನು ಬಿಡಿಸಿ ನೋಡಿದ. ಮಡಚಿ ಜೇಬಿಗಿಟ್ಟ. ಚಿಕ್ಕವರಿಗೆ ತಿಳಿಹೇಳುವಂತೆ ನಕ್ಕ.

"ಇಲ್ಲ ಕಣೇ ಮಾರಾಯ್ತಿ. ವಯಸ್ಸಾದ ಮೇಲೆ ಅಮ್ಮನಿಗೆ ಏನೇನೋ ಅನ್ಸಿರ್ಬೇಕು. ಅಪ್ಪನ ವಿಮಾನ ಥಳಥಳ ಅಂತಿತ್ತು. ನನಗೆ ಚೆನ್ನಾಗಿ ನೆನಪಿದೆ."